ಅಗ್ಗದ ಕಂಬಳಿಯ ವಿಚಾರ

ಸಂಪಾದಕ ಸಮಿತಿಯ ಮಿತ್ರರು ನನ್ನಿಂದ ಒಂದು ಲೇಖನವನ್ನು ಕೇಳುವ ಹೊತ್ತಿಗೆ ಜಗತ್ತಿನ ದೊಡ್ಡ ವಿಷಯಗಳೆಲ್ಲ ಹಂಚಿಹೋಗಿದ್ದವು. ವಿಶ್ವಶಾಂತಿಯನ್ನು ಒಬ್ಬರು, ಕೃತಕ ಬುದ್ಧಿಮತ್ತೆಯನ್ನು ಇನ್ನೊಬ್ಬರು, ಕನ್ನಡದ ಭವಿಷ್ಯವನ್ನು ಮೂವರು ಹಿಡಿದುಕೊಂಡಿದ್ದರು. ನನ್ನ ಪಾಲಿಗೆ ಉಳಿದದ್ದು ಕಂಬಳಿ. ಇದೇನು ವಿಷಯವೆಂದು ವಾಚಕರು ಪುಟ ಮಗುಚುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಕಾಲೇಜಿನ ಉಗ್ರಾಣದಲ್ಲಿ, ಕ್ರೀಡಾ ಸಾಮಗ್ರಿಗಳ ಪಕ್ಕದ ಕಪಾಟಿನಲ್ಲಿ, ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆಂದು ಕೊಂಡ ಹೊದಿಕೆಗಳಿವೆ. ಮೂರು ವರ್ಷಗಳ ಹಿಂದೆ ಅರುವತ್ತು ಬಂದವು. ಎರಡು ಶಿಬಿರಗಳಾದ ಮೇಲೆ ಈ ಜನವರಿಯಲ್ಲಿ ನಾನೇ ಎಣಿಸಿದೆನು. ಹೊದೆಯಲು ಯೋಗ್ಯವಾದವು ಹದಿನೇಳು. ಉಳಿದವುಗಳಲ್ಲಿ ಕೆಲವನ್ನು ಕರಿಹಲಗೆ ಒರಸಲು ಉಪಯೋಗಿಸುತ್ತಿರುವುದನ್ನು ತಾವೂ ನೋಡಿರಬಹುದು.

ಮುಂದಿನ ವರ್ಷ ಮತ್ತೆ ಕೊಳ್ಳಬೇಕಾಗುತ್ತದೆ. ಆಗ ಏನನ್ನು ಕೊಳ್ಳಬೇಕು ಎಂಬುದೇ ಈ ಲೇಖನದ ವಿಷಯ. ಅಗ್ಗವಾದದ್ದನ್ನೇ ಕೊಳ್ಳೋಣ; ಸರ್ಕಾರಿ ಕಾಲೇಜಿಗೆ ಬೇರೆ ದಾರಿಯಿಲ್ಲ. ಆದರೆ ನಾವು ಈವರೆಗೆ ಕೊಂಡದ್ದು ಅಗ್ಗವಾದದ್ದಲ್ಲ ಎಂಬುದು ನನ್ನ ವಾದ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮದು ಚಳ್ಳಕೆರೆಯ ಕಡೆಯ ಕುರಿ ಸಾಕುವ ಮನೆತನ. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆಯ ಕಡೆ ಊರುಗಳು ಮುಳುಗಿದಾಗ ನಾನು ಹೈಸ್ಕೂಲಿನಲ್ಲಿದ್ದೆ. ನಮ್ಮ ಊರಿನಿಂದಲೂ ಒಂದು ಟೆಂಪೋ ತುಂಬ ರೊಟ್ಟಿ, ಚಟ್ನಿಪುಡಿ, ಬಟ್ಟೆಬರೆ ಹೊರಟಿತು. ನಮ್ಮಜ್ಜಿ ತಾನು ಹೊದೆಯುತ್ತಿದ್ದ ಕರಿಕಂಬಳಿಯನ್ನು ಝಾಡಿಸಿ ಮಡಿಚಿ ತಂದು ಟೆಂಪೋದಲ್ಲಿಟ್ಟಳು. ನಾವು ಹುಡುಗರು ಅದನ್ನು ಇಳಿಸಿಬಿಟ್ಟೆವು. ಕುರಿಯ ವಾಸನೆ ಹೊಡೆಯುವ ಹಳೆಯ ಕಂಬಳಿಯನ್ನು ಕೊಟ್ಟರೆ ಪಡೆದವರಿಗೆ ಅವಮಾನ ಎಂದು ನಮ್ಮ ತರ್ಕ. ವಂತಿಗೆಯ ಹಣದಲ್ಲಿ ಪೇಟೆಯಿಂದ ಹತ್ತು ಹೊಸ ಹೊದಿಕೆ ತಂದು ಅದೇ ಜಾಗದಲ್ಲಿಟ್ಟೆವು. ನಯವಾಗಿದ್ದವು, ಹೊಳೆಯುತ್ತಿದ್ದವು, ಒಂದೊಂದರ ಮೇಲೂ ದೊಡ್ಡ ಗುಲಾಬಿ ಹೂವಿತ್ತು. ಅಜ್ಜಿ ಏನೂ ಅನ್ನಲಿಲ್ಲ. ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಹೋದಳು.

ನಾನು ಹಾಸ್ಟೆಲಿಗೆ ಬರುವಾಗ ಅದೇ ಕಂಬಳಿಯನ್ನು ಟ್ರಂಕಿನ ತಳದಲ್ಲಿಟ್ಟು ಕಳಿಸಿದಳು. "ಓದಿದೋನು ಅಂತ ಚಳಿ ಬಿಟ್ಟುಬಿಡ್ತದೇನ್ಲಾ ಮಗಾ" ಎಂಬುದು ಅವಳ ಮಾತು. ಎರಡು ವರ್ಷ ಅದು ಟ್ರಂಕಿನ ತಳದಲ್ಲೇ ಇತ್ತು. ಕೊಠಡಿಯ ಮಿತ್ರರ ಎದುರಿಗೆ ಅದನ್ನು ತೆಗೆಯಲು ನನಗೆ ಧೈರ್ಯವಿರಲಿಲ್ಲ.

ಕಳೆದ ಡಿಸೆಂಬರಿನ ಏಳು ದಿನಗಳ ಶಿಬಿರ ಗುಡ್ಡದ ಬುಡದ ಒಂದು ಹಳ್ಳಿಯ ಶಾಲೆಯಲ್ಲಿ ನಡೆಯಿತು. ಸಿಮೆಂಟಿನ ನೆಲ, ಮುರಿದ ಕಿಟಕಿ, ಇಡೀ ರಾತ್ರಿ ಬೀಸುವ ಗಾಳಿ. ಹೊದಿಕೆಗಳು ಸಾಲದೆ ಹೋಗಬಹುದೆಂದು ತಿಳಿದಿದ್ದರಿಂದ, ಸಂಕೋಚಪಡುತ್ತಲೇ, ನಾನು ಕಂಬಳಿಯನ್ನು ಒಯ್ದಿದ್ದೆ. ಮೊದಲ ಎರಡು ರಾತ್ರಿ ಎಲ್ಲರೂ ಮೂಗು ಮುಚ್ಚಿಕೊಂಡು ನಕ್ಕರು. ಮೂರನೆಯ ರಾತ್ರಿ ಅಂಗಳದಲ್ಲಿ ಸೌದೆ ಹೊತ್ತಿಸಿ ಸುತ್ತ ಕುಳಿತಿದ್ದಾಗ ಒಂದು ಹಸಿ ಕಟ್ಟಿಗೆ ಸಿಡಿದು ಕೆಂಡದ ಚೂರೊಂದು ಪ್ರಥಮ ವರ್ಷದ ಹುಡುಗನೊಬ್ಬನ ಹೊದಿಕೆಯ ಮೇಲೆ ಬಿತ್ತು. ಅದು ಕಾಲೇಜಿನ ಹೊದಿಕೆ, ಗುಲಾಬಿ ಹೂವಿನದೇ. ನೋಡುತ್ತಿದ್ದ ಹಾಗೆಯೇ ಅಂಗೈಯಗಲದ ತೂತಾಗಿ ಅಂಚಿನಲ್ಲಿ ಸಣ್ಣ ಉರಿ ಹತ್ತಿತು. ಅವನು ಗಾಬರಿಯಿಂದ ಕೈಯಲ್ಲಿ ಬಡಿದ. ಕರಗಿದ ನೂಲು ಬೆರಳಿಗೆ ಮೇಣದಂತೆ ಅಂಟಿಕೊಂಡಿತು. ನಾನು ಹೆಗಲ ಮೇಲಿದ್ದ ಕಂಬಳಿಯನ್ನು ಅವನ ಮೇಲೆ ಹಾಕಿ ಅದುಮಿದೆನು; ಉರಿ ಅಡಗಿತು. ಅವನ ಎರಡು ಬೆರಳ ಚರ್ಮ ಸುಲಿಯಿತು. ಪುಣ್ಯಕ್ಕೆ ಅಷ್ಟೇ. ಕಂಬಳಿಯ ಮೇಲೆ ಒಂದು ಕಡೆ ನಾಲ್ಕು ಕೂದಲು ಸುಟ್ಟ ಗುರುತಿದೆ, ಹುಡುಕಿದರೆ ಕಾಣುತ್ತದೆ.

ಆ ರಾತ್ರಿ ನನಗೆ ನೆನಪಾದದ್ದು ಟೆಂಪೋದಲ್ಲಿ ಹೋದ ಆ ಹತ್ತು ಹೊದಿಕೆಗಳು. ಗಂಜಿಕೇಂದ್ರದ ಒಲೆಯ ಪಕ್ಕದಲ್ಲಿ, ಸೀಮೆಎಣ್ಣೆ ಬುಡ್ಡಿಯ ಪಕ್ಕದಲ್ಲಿ, ಯಾರು ಯಾರು ಅವನ್ನು ಹೊದ್ದರೋ!

ಶಿಬಿರ ಮುಗಿದ ಮೇಲೆ ನಾನು ಈ ವಿಷಯದಲ್ಲಿ ಸ್ವಲ್ಪ ಓದಿದೆ, ಸ್ವಲ್ಪ ವಿಚಾರಿಸಿದೆ. ಹೊಳೆಯುವ ಹೊದಿಕೆ ಪಾಲಿಯೆಸ್ಟರ್ ನೂಲಿನದು. ಸುಮಾರು 260 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುತ್ತದೆ. ಉಣ್ಣೆ ತಾನಾಗಿ ಹೊತ್ತಿಕೊಳ್ಳಬೇಕಾದರೆ 550 ಡಿಗ್ರಿಗೂ ಮೀರಿದ ಶಾಖ ಬೇಕು. ಕಿಡಿ ಬಿದ್ದರೆ ಕರಿಯಾಗುತ್ತದೆ, ಕರಗಿ ಮೈಗೆ ಅಂಟುವುದಿಲ್ಲ. ಮತ್ತೊಂದು ಗುಣವೂ ಉಂಟು. ಉಣ್ಣೆಯ ಎಳೆ ತನ್ನ ತೂಕದ ನೂರಕ್ಕೆ ಸುಮಾರು 30ರಷ್ಟು ತೇವವನ್ನು ಒಳಕ್ಕೆ ಎಳೆದುಕೊಂಡರೂ ಮುಟ್ಟಿದವರಿಗೆ ಒದ್ದೆಯೆನಿಸುವುದಿಲ್ಲ. ಮಂಜು ಬೀಳುವ ಬಯಲಿನಲ್ಲಿ ಕುರಿಯ ಹಿಂಡಿನ ಜೊತೆ ಮಲಗುವ ನಮ್ಮ ತಂದೆಯವರಿಗೆ ಈ ಅಂಕಿ ಗೊತ್ತಿಲ್ಲ. ಗುಣ ಗೊತ್ತು.

ಹಾಗಾದರೆ ಉಣ್ಣೆಯೆಂದು ಚೀಟಿ ಅಂಟಿಸಿದ್ದನ್ನೆಲ್ಲ ಕೊಳ್ಳಬಹುದೇ? ಇಲ್ಲಿಯೇ ಜಾಗ್ರತೆ ಬೇಕು. ನಮ್ಮ ದೇಶದಲ್ಲಿ ಪರಿಹಾರಕ್ಕಾಗಿ ಹಂಚುವ ಅಗ್ಗದ ಉಣ್ಣೆ ಹೊದಿಕೆಗಳಿಗೆ ಹೆಸರಾದ ಊರು ಹರಿಯಾಣದ ಪಾಣಿಪತ್. ಚಳಿದೇಶದವರು ಉಟ್ಟು ಬಿಟ್ಟ ಸ್ವೆಟರು, ಕೋಟುಗಳು ಅಲ್ಲಿಗೆ ಮೂಟೆಗಟ್ಟಲೆ ಬರುತ್ತವೆ. ಗುಂಡಿ, ಜಿಪ್ಪುಗಳನ್ನು ಕಿತ್ತು, ಬಣ್ಣಬಣ್ಣವಾಗಿ ವಿಂಗಡಿಸಿ, ಯಂತ್ರದಲ್ಲಿ ಹರಿದು ಮತ್ತೆ ನೂಲುತ್ತಾರೆ. ಇದಕ್ಕೆ ಶಾಡಿ ಎಂದು ಹೆಸರು. ಇಂಗ್ಲೆಂಡಿನ ಯಾರ್ಕ್‌ಷೈರಿನ ಬ್ಯಾಟ್ಲಿ ಎಂಬಲ್ಲಿ 1813ರಲ್ಲಿ ಹುಟ್ಟಿದ ವಿದ್ಯೆಯಿದು. ನಾನು ಇದನ್ನು ಹೀಗಳೆಯುವವನಲ್ಲ. ಎಸೆದದ್ದನ್ನು ಎತ್ತಿ ಮತ್ತೊಬ್ಬರ ಮೈ ಮುಚ್ಚುವ ಕೆಲಸ ಸಣ್ಣದಲ್ಲ. ಆದರೆ ಹರಿದು ನೂತ ಎಳೆ ಗಿಡ್ಡವಾಗುತ್ತದೆ. ಗಿಡ್ಡ ಎಳೆಯ ನೂಲು ಬೇಗ ಬಿಡುತ್ತದೆ. ಅದರಲ್ಲಿ ಉಣ್ಣೆಯ ಪಾಲೆಷ್ಟು, ಬೇರೆ ನೂಲಿನ ಪಾಲೆಷ್ಟು ಎಂಬುದೂ ಮೂಟೆಯಿಂದ ಮೂಟೆಗೆ ಬೇರೆ. ಈಚೆಗೆ ಅಲ್ಲಿಯ ಅನೇಕ ಗಿರಣಿಗಳು ಪಾಲಿಯೆಸ್ಟರಿಗೇ ತಿರುಗಿಕೊಂಡಿವೆ.

ಆದುದರಿಂದ ಕೊಳ್ಳುವವನು ಅಂಗಡಿಯಲ್ಲಿಯೇ ಪರೀಕ್ಷೆ ಮಾಡಬೇಕು. ಅಂಚಿನ ಕುಚ್ಚಿನಿಂದ ಒಂದೆಳೆ ಕಿತ್ತು ಬೆಂಕಿಕಡ್ಡಿ ಗೀರಿ ಹಿಡಿಯಿರಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅಲ್ಲ. ಎರಡೂ ಆದರೆ ಬೆರಕೆ. ಅಂಗಡಿಯವರು ಬೈಯುತ್ತಾರೆ, ಬೈಯಲಿ. ಅವರ ಅಂಗಡಿಯ ಹೊರಗೆ ನಿಂತು ಮಾಡಿದರಾಯಿತು. ಆಮೇಲೆ ಹೊದಿಕೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಮೇಲಿನ ಜುಂಗು ಎಷ್ಟು ಪೊದೆಯಾಗಿದ್ದರೂ ಹಾಸುಹೊಕ್ಕುಗಳ ನಡುವೆ ಸೂರ್ಯ ಕಂಡರೆ ಗಾಳಿಯೂ ಬರುತ್ತದೆ. ಜುಂಗನ್ನು ಎರಡು ಬೆರಳಲ್ಲಿ ಹಿಡಿದೆಳೆದರೆ ಹಿಡಿ ಹಿಡಿಯಾಗಿ ಬರುವುದು ಒಂದು ಚಳಿಗಾಲಕ್ಕೆ ಬಾಳದು. ಎಲ್ಲಕ್ಕಿಂತ ಮುಖ್ಯ ತೂಕ. ಬರಿಯ ತೂಕವಲ್ಲ, ಅಳತೆಗೆ ತಕ್ಕ ತೂಕ. ನಮ್ಮ ಮನೆಯ ಕಂಬಳಿ ಏಳಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಎರಡೂವರೆ ಕಿಲೋ ತೂಗಿತು. ಅದೇ ಅಳತೆಯ ಕಾಲೇಜಿನ ಹೊದಿಕೆ ಒಂದು ಕಿಲೋ ನೂರು ಗ್ರಾಂ. ಕೆಲವು ಕಡೆ ಉದ್ದ ಅಗಲಗಳನ್ನೇ ಕತ್ತರಿಸಿ ಬೆಲೆ ಇಳಿಸುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಗಾದೆಯಾದರೂ, ಕೊಳ್ಳುವಾಗ ಕಾಲನ್ನೇ ಮೊದಲು ಅಳೆದುಕೊಳ್ಳುವುದು ಮೇಲು.

ಹೊದಿಕೆಯ ವಿಚಾರದಲ್ಲಿ ನಾವೆಲ್ಲ ಮಾಡುವ ಮತ್ತೊಂದು ತಪ್ಪು, ಚಳಿ ಮೇಲಿನಿಂದಲೇ ಬರುತ್ತದೆಂದು ತಿಳಿಯುವುದು. ಶಿಬಿರದಲ್ಲಿ ಒಬ್ಬ ಮಿತ್ರ ಮೇಲೆ ಮೂರು ಹೊದ್ದು, ಕೆಳಗೆ ಒಂದು ತೆಳು ಜಮಖಾನ ಹಾಸಿಕೊಂಡು ರಾತ್ರಿಯೆಲ್ಲ ನಡುಗಿದ. ಸಿಮೆಂಟು ನೆಲ ಮೈಯ ಕಾವನ್ನು ಹೀರಿಬಿಡುತ್ತದೆ. ಎರಡು ಹೊದಿಕೆ ಇದ್ದರೆ ಒಂದು ಕೆಳಕ್ಕೆ ಹೋಗಬೇಕು. ಒಂದೇ ಇದ್ದರೆ ಅರ್ಧ ಹಾಸಿ ಅರ್ಧ ಹೊದೆಯಬೇಕು. ಕೆಳಗೆ ಹುಲ್ಲೋ, ರಟ್ಟಿನ ಪೆಟ್ಟಿಗೆಯೋ ಸಿಕ್ಕರೆ ಇನ್ನೂ ಒಳ್ಳೆಯದು. ಕಂಬಳಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ, ಮಡಿಚಿ ತಲೆಗೆ ಹಾಕಿದರೆ ಕೊಪ್ಪೆ, ನೆಂಟರು ಬಂದರೆ ಗದ್ದುಗೆ. ಗುಲಾಬಿ ಹೂವಿನ ಹೊದಿಕೆಯ ಮೇಲೆ ನೆಂಟರನ್ನು ಕೂರಿಸಿದವರನ್ನು ನಾನು ಕಂಡಿಲ್ಲ.

ಇನ್ನು ಕಂಬಳಿಯ ದೋಷಗಳನ್ನೂ ಹೇಳಬೇಕು. ಇಲ್ಲದಿದ್ದರೆ ನನ್ನ ಮಾತು ಕುರಿಯವನ ಹುಡುಗನ ಅಭಿಮಾನವೆನಿಸೀತು. ಕೌಟಿಲ್ಯನ ಅರ್ಥಶಾಸ್ತ್ರ ಉಣ್ಣೆಯ ಹೊದಿಕೆಗಳ ಬಗೆಗಳನ್ನು ಹೇಳಿ, ಅವುಗಳಲ್ಲಿ ನವುರಾದದ್ದು, ಮೃದುವಾದದ್ದು ಶ್ರೇಷ್ಠವೆನ್ನುತ್ತದೆ. ಆ ಪರೀಕ್ಷೆಯಲ್ಲಿ ನಮ್ಮ ಕಂಬಳಿ ಖಂಡಿತ ಅನುತ್ತೀರ್ಣ. ದಕ್ಖನಿ ಕುರಿಯ ತುಪ್ಪಟದ ಎಳೆ ದಪ್ಪ, ಒರಟು. ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿ ನೇಯುವುದರಿಂದ ಹೊಸ ಕಂಬಳಿ ಹಲಗೆಯಂತೆ ಸೆಟೆದು ನಿಲ್ಲುತ್ತದೆ, ಚುಚ್ಚುತ್ತದೆ. ಒಳಗೊಂದು ಹತ್ತಿಯ ಪಂಚೆಯನ್ನೋ ಹಳೆಯ ಸೀರೆಯನ್ನೋ ಸೇರಿಸಿ ಹೊದೆಯುವುದೇ ಅದಕ್ಕೆ ಪರಿಹಾರ. ಬೆನ್ನಿಗೆ ಚೀಲ ಕಟ್ಟಿ ದಿನವೆಲ್ಲ ಬೆಟ್ಟ ಹತ್ತುವವರಿಗೆ ಅದು ಭಾರ, ಅವರಿಗೆ ನಾನು ಕಂಬಳಿಯನ್ನು ಹೇಳುವುದಿಲ್ಲ. ಪೂರಾ ನೆನೆದರೆ ಒಣಗಲು ಎರಡು ದಿನ ಬಿಸಿಲು ಬೇಕು. ಬಿಸಿನೀರಿನಲ್ಲಿ ಒಗೆದರೆ ಕುಗ್ಗಿ ಮಗುವಿನ ಕಂಬಳಿಯಾಗುತ್ತದೆ. ನುಸಿಯ ಕಾಟವೂ ಇದೆ. (ಕಂಬಳಿಯನ್ನು ತಿನ್ನುವುದು ಕಂಬಳಿಹುಳುವೆಂದು ನನ್ನ ಸಹಪಾಠಿಯೊಬ್ಬರು ನಂಬಿದ್ದರು, ಅದು ಎಲೆ ತಿನ್ನುವ ಬಡಪಾಯಿ.) ವರ್ಷಕ್ಕೆರಡು ಸಲ ಬಿಸಿಲಿಗೆ ಹಾಕಿ, ಝಾಡಿಸಿ, ಒಣ ಬೇವಿನ ಎಲೆ ಹಾಕಿಡಬೇಕು. ಉಗ್ರಾಣದ ಬೀಗ ಶಿಬಿರದ ಹಿಂದಿನ ದಿನ ಮಾತ್ರ ತೆರೆಯುವುದಾದರೆ ಕಂಬಳಿ ಬೇಡ. ಇಷ್ಟೆಲ್ಲ ಹೇಳಿದ ಮೇಲೂ, ಒರಟೆಂದು ಅದನ್ನು ದೂರುವುದು ಕಂಬಳಿಯಲ್ಲಿ ಉಣ್ಣಲು ಕುಳಿತು ಕೂದಲು ಎಣಿಸಿದ ಹಾಗೆಯೇ ಸರಿ.

ಕೆಲವರು ಮೊಬೈಲಿನಲ್ಲಿ ತರಿಸುವ ಬೆಳ್ಳಿಹಾಳೆಯ ತುರ್ತು ಹೊದಿಕೆಯನ್ನು ಹೊಗಳುತ್ತಾರೆ. ಜೇಬಿನಲ್ಲಿ ಹಿಡಿಯುತ್ತದೆ, ಗಾಳಿ ಮಳೆ ತಡೆಯುತ್ತದೆ, ಮೈಯಿಂದ ಹೊರಡುವ ಕಾವನ್ನು ಹಿಂದಕ್ಕೆ ಕಳಿಸುತ್ತದೆ, ಎಲ್ಲವೂ ನಿಜ. ಆದರೆ ಬೆವರಿನ ತೇವ ಒಳಗೇ ನಿಲ್ಲುತ್ತದೆ, ಮುಳ್ಳು ತಾಗಿದರೆ ಹರಿಯುತ್ತದೆ. ಉಣ್ಣೆಯ ಮೇಲೆ ಹೊದೆಯಲು ಒಳ್ಳೆಯದು. ಉಣ್ಣೆಯ ಬದಲಿಗೆ ಅಲ್ಲ.

ಈಗ ಲೆಕ್ಕಕ್ಕೆ ಬರೋಣ. ಅರ್ಥಶಾಸ್ತ್ರ ನನ್ನ ಐಚ್ಛಿಕ ವಿಷಯವಾದುದರಿಂದ ಗುರುಗಳು ಈ ಭಾಗವನ್ನು ಕಟ್ಟುನಿಟ್ಟಾಗಿ ನೋಡುವರೆಂಬ ಭಯವಿದೆ. ಕಾಲೇಜು ಕೊಂಡ ಹೊದಿಕೆಗೆ 350 ರೂಪಾಯಿ ಬಿತ್ತು. ಎರಡು ಶಿಬಿರ, ಅಂದರೆ 14 ರಾತ್ರಿ ಬಾಳಿತು; ರಾತ್ರಿಗೆ 25 ರೂಪಾಯಿ. ನಾನು ಸಂತೆಯಲ್ಲಿ ವಿಚಾರಿಸಿದ ಕೈಮಗ್ಗದ ಕಂಬಳಿಗೆ 1,800 ರೂಪಾಯಿ ಹೇಳಿದರು. ವರ್ಷಕ್ಕೆ ಏಳೇ ರಾತ್ರಿ ಹೊದೆದರೂ ಇಪ್ಪತ್ತು ವರ್ಷಕ್ಕೆ 140 ರಾತ್ರಿ. ರಾತ್ರಿಗೆ 13 ರೂಪಾಯಿಗೂ ಕಡಿಮೆ. ಇಪ್ಪತ್ತು ವರ್ಷ ಹೆಚ್ಚಾಯಿತೆನ್ನುವವರು ನಮ್ಮಜ್ಜಿಯದನ್ನು ನೋಡಬಹುದು. ಅದು ನನಗಿಂತ ಹಿರಿಯದು, ಮತ್ತು ಅದನ್ನು ವರ್ಷವಿಡೀ ಹೊದೆದಿದ್ದಾರೆ. ಒಟ್ಟು ಲೆಕ್ಕವೂ ಹಾಗೆಯೇ. ಎರಡು ವರ್ಷಕ್ಕೊಮ್ಮೆ ಅರುವತ್ತು ಹೊದಿಕೆ ಕೊಂಡರೆ ಸಲಕ್ಕೆ 21,000ದಂತೆ ಹತ್ತು ವರ್ಷಕ್ಕೆ 1,05,000 ರೂಪಾಯಿ. ಅರುವತ್ತು ಕಂಬಳಿಗೆ 1,08,000. ವ್ಯತ್ಯಾಸ ಮೂರು ಸಾವಿರ. ಹತ್ತು ವರ್ಷ ಕಳೆದ ಮೇಲೆ ಒಂದು ಕಡೆ ಕರಿಹಲಗೆಯ ಒರಸುಬಟ್ಟೆ, ಇನ್ನೊಂದು ಕಡೆ ಕಂಬಳಿ.

ಒಂದೇ ಸಲಕ್ಕೆ ಲಕ್ಷ ರೂಪಾಯಿ ಎಲ್ಲಿಂದ ಬರಬೇಕು ಎಂದು ಕೇಳುವರು. ನ್ಯಾಯವಾದ ಪ್ರಶ್ನೆ. ಬಡವನಿಗೆ ಒಳ್ಳೆಯ ವಸ್ತು ದುಬಾರಿಯಾಗುವುದೇ ಹೀಗೆ. ಒಟ್ಟಿಗೆ ಕೊಡಲು ಹಣವಿಲ್ಲದೆ ಬಿಡಿ ಬಿಡಿಯಾಗಿ ಹೆಚ್ಚು ಕೊಡುತ್ತಾನೆ. ನಮ್ಮ ತಂದೆಯವರು ಚಪ್ಪಲಿಯನ್ನು ಹಾಗೆಯೇ ಕೊಳ್ಳುತ್ತಾರೆ. ಆದರೆ ಕಾಲೇಜು ಒಬ್ಬ ಬಡವನಲ್ಲವಷ್ಟೆ. ವರ್ಷಕ್ಕೆ ಇಪ್ಪತ್ತರಂತೆ ಮೂರು ವರ್ಷ ಕೊಂಡರೆ ಸಲಕ್ಕೆ 36,000. ಇರುವ ಹದಿನೇಳನ್ನು ನಡುವೆ ಸಾಗಹಾಕಬಹುದು, ಬೆಂಕಿಯಿಂದ ದೂರವಿಟ್ಟು.

ಆಪತ್ತಿನ ಕಾಲದಲ್ಲಿ ಇಷ್ಟೆಲ್ಲ ಪರೀಕ್ಷೆ ಮಾಡುತ್ತ ಕೂರಲು ಸಾಧ್ಯವೇ ಎಂಬುದು ಮತ್ತೊಂದು ಆಕ್ಷೇಪ. ಸಾಧ್ಯವಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದ ರಾತ್ರಿಗಳಲ್ಲಿ ಕೈಗೆ ಸಿಕ್ಕಿದ್ದನ್ನು ಹೊದಿಸಿದವರೇ ಪುಣ್ಯವಂತರು. ನೆನೆದು ಬಂದವನಿಗೆ ಆ ಗಳಿಗೆಯಲ್ಲಿ ಒಣಗಿದ್ದು ಯಾವುದಾದರೂ ಅಮೃತವೇ. ಆದರೆ ಉಗ್ರಾಣ ತುಂಬುವುದು ನೆರೆಯ ರಾತ್ರಿಯಲ್ಲಲ್ಲ. ಬೇಸಗೆಯಲ್ಲಿ, ಮೂರು ಕಡೆಯಿಂದ ದರಪಟ್ಟಿ ತರಿಸಿ, ಫ್ಯಾನಿನ ಕೆಳಗೆ ಕುಳಿತು. ಆಗ ಒಂದೆಳೆ ಸುಟ್ಟು ನೋಡಲು ಯಾವ ಅವಸರ ಅಡ್ಡ ಬರುತ್ತದೆ? ದರಪಟ್ಟಿಯಲ್ಲಿ "ಹೊದಿಕೆ, ಉತ್ತಮ ದರ್ಜೆ" ಎಂದು ಬರೆಯುವ ಬದಲು ಉದ್ದ, ಅಗಲ, ತೂಕ, ಉಣ್ಣೆಯ ಪಾಲು ಇವನ್ನು ಬರೆದರೆ ಅರ್ಧ ಮೋಸ ಅಲ್ಲಿಗೇ ನಿಲ್ಲುತ್ತದೆ.

ಸ್ವಂತಕ್ಕೆ ಐನೂರು ರೂಪಾಯಿಯೊಳಗೆ ಕೊಳ್ಳಬೇಕಾದ ನನ್ನಂಥ ವಿದ್ಯಾರ್ಥಿಗೆ ನನ್ನ ಸಲಹೆ ಬೇರೆ. ಆ ಹಣಕ್ಕೆ ಹೊಸ ಕಂಬಳಿ ಬಾರದು. ಊರಕಡೆ ಹಳೆಯ ಕಂಬಳಿ ಸಿಕ್ಕೀತು. ನಡುಭಾಗ ಸವೆದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ ಕೊಳ್ಳಿರಿ. ಅಂಚು ಹರಿದಿದ್ದರೆ ಚಿಂತೆಯಿಲ್ಲ, ಹೊಲಿದುಕೊಳ್ಳಬಹುದು. ಸಿಗದಿದ್ದರೆ ಸುಟ್ಟು ನೋಡಿದ ಬೆರಕೆ ಉಣ್ಣೆಯ ಹೊದಿಕೆ ಎರಡು ಕೊಳ್ಳಿರಿ. ಒಂದು ದಪ್ಪದ್ದಕ್ಕಿಂತ ತೆಳ್ಳನೆಯ ಎರಡು, ನಡುವೆ ಗಾಳಿಯನ್ನು ಹಿಡಿದಿಟ್ಟು, ಹೆಚ್ಚು ಬೆಚ್ಚಗಿಡುತ್ತವೆ. ಹೂವು ಬೇಕೆನ್ನುವವರು ತೋಟಕ್ಕೆ ಹೋಗಲಿ.

ನನ್ನ ಸೋದರಮಾವನ ಮನೆಯಲ್ಲಿ ಗುಂಡಿ ಮಗ್ಗವಿದೆ. ನಾಲ್ಕು ವರ್ಷದಿಂದ ಅದರ ಗುಂಡಿಯಲ್ಲಿ ಈರುಳ್ಳಿ ತುಂಬಿಡುತ್ತಾರೆ. ವರ್ಷಕ್ಕೆರಡು ಸಲ ಕುರಿಯ ಮೈ ಕತ್ತರಿಸಲೇಬೇಕು. ಕತ್ತರಿಸುವವನ ಕೂಲಿ ಹುಟ್ಟುವಷ್ಟು ಬೆಲೆ ತುಪ್ಪಟಕ್ಕಿಲ್ಲ. ಆದ್ದರಿಂದ ಕತ್ತರಿಸಿದ್ದನ್ನು ಬೇಲಿಯ ಬದಿಗೆ ಸುರಿಯುತ್ತಾರೆ. ಕೆಲವರು ಉಣ್ಣೆಯೇ ಇಲ್ಲದ ಕೆಂಪು ಕುರಿಗಳನ್ನು ತಂದು ಈ ತಾಪತ್ರಯವನ್ನೇ ಕಳೆದುಕೊಂಡಿದ್ದಾರೆ. ಇಷ್ಟು ಉಣ್ಣೆಯನ್ನು ಬೇಲಿಗೆ ಸುರಿಯುವ ತಾಲ್ಲೂಕಿನಲ್ಲಿ ಕುಳಿತು ನಾವು ದೂರದಿಂದ ಪಾಲಿಯೆಸ್ಟರ್ ತರಿಸುತ್ತಿದ್ದೇವೆ.

ಸಂಕ್ರಾಂತಿಗೆ ಊರಿಗೆ ಹೋದಾಗ ಈ ವಿಷಯವನ್ನು ಮಾವನ ಹತ್ತಿರ ಪ್ರಸ್ತಾಪಿಸಿದೆ. ಕಾಲೇಜೊಂದು ಕಂಬಳಿ ಕೊಳ್ಳುತ್ತದೆಂಬುದನ್ನು ಅವರು ಮೊದಲು ನಂಬಲಿಲ್ಲ. ಆಮೇಲೆ ಬೀಡಿ ಆರಿಸಿ ಕೇಳಿದರು: "ಎಷ್ಟು ಬೇಕಂತೆ? ಅಳತೆ ಬರಕೊಂಡು ಬಾರಪ್ಪ. ಆರ್ಡರ್ ಐತೆ ಅಂದ್ರೆ ಈ ಸಲದ ತುಪ್ಪಟ ಬೇಲಿಗೆ ಹಾಕ್ದೆ ಇಡ್ತೀನಿ." ಅಜ್ಜಿ ಒಳಗಿನಿಂದಲೇ, "ನೂಲೋಕೆ ನಾನಿದೀನಿ, ಕಣ್ಣು ಮಾತ್ರ ಮಂಜು" ಎಂದಳು.

ಶಿಬಿರಾಧಿಕಾರಿಗಳಿಗೂ ಪ್ರಾಂಶುಪಾಲರಿಗೂ ಒಂದು ಮನವಿ ಬರೆದಿದ್ದೇನೆ. ಉದ್ದ ಏಳಡಿ, ಅಗಲ ಐದಡಿ, ತೂಕ ಎರಡೂವರೆ ಕಿಲೋಗೆ ಕಡಿಮೆಯಿಲ್ಲ, ಪೂರ್ತಿ ಕುರಿಯುಣ್ಣೆ, ಕೈಮಗ್ಗದ್ದು. ಮಾವನೇ ನೇಯಬೇಕೆಂದಿಲ್ಲ, ನಮ್ಮ ಕಡೆ ಬೇರೆ ಮಗ್ಗಗಳೂ ಸುಮ್ಮನೆ ಕುಳಿತಿವೆ, ಅವರೂ ದರಪಟ್ಟಿ ಕೊಡಲಿ. ಪರೀಕ್ಷೆ ಮುಗಿದರೆ ನಾನು ಇಲ್ಲಿಂದ ಹೊರಡುವವನು. ಆದುದರಿಂದ ಮನವಿಯ ಒಂದು ಪ್ರತಿಯನ್ನು ದ್ವಿತೀಯ ಬಿ.ಎ. ಮಿತ್ರರ ಕೈಯಲ್ಲಿ ಕೊಟ್ಟಿದ್ದೇನೆ. ಎಷ್ಟು ಕಂಬಳಿ ಎಂಬ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ.